ಸವೆದ ಹಗ್ಗವನ್ನು ಕಂಡವರು ಯಾರು?



ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ದೇವಾಲಯಕ್ಕೆ ಸುಣ್ಣಬಣ್ಣ ಬಳಿಯುವ ಕೆಲಸ ನಡೆದಿತ್ತು. ಬೊಂಬುಗಳ ಸಾರವೆ ಕಟ್ಟಿದ್ದರು. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಬರುವಾಗ, ಒಂದು ಕಟ್ಟಿನ ಹಗ್ಗ ಸವೆದು ನಾರುನಾರಾಗಿದ್ದುದನ್ನು ಕಂಡೆ. ‘ಮೇಸ್ತ್ರಿ ನೋಡಿಕೊಳ್ಳುತ್ತಾನೆ’ ಎಂದುಕೊಂಡು ಕಾಫಿಗೆ ಹೋದೆ. ಮಧ್ಯಾಹ್ನ ಆ ಕಟ್ಟು ಬಿಚ್ಚಿಕೊಂಡಿತು. ಮೇಲಿದ್ದ ಯುವಕ ಬಿದ್ದು ಕಾಲು ಮುರಿದುಕೊಂಡ. ಪ್ರಾಣ ಉಳಿಯಿತು, ದೇವರಿಗೆ ಸ್ತೋತ್ರ. ಆದರೆ ನಾಲ್ಕು ತಿಂಗಳು ಆ ಮನೆಯ ಒಲೆ ಉರಿದದ್ದು ಅವನ ಹೆಂಡತಿಯ ಕೂಲಿಯಿಂದ.

ವಿಚಾರಿಸಿದಾಗ ತಿಳಿಯಿತು, ಹಗ್ಗವನ್ನು ಕಂಡವನು ನಾನೊಬ್ಬನೇ ಅಲ್ಲ. ಮೇಸ್ತ್ರಿಯೂ ಕಂಡಿದ್ದ, ಹೊಸ ಹಗ್ಗ ತರಿಸುವುದು ಗುತ್ತಿಗೆದಾರರ ಕೆಲಸ ಎಂದ. ಹೇಳಿದ್ದರೆ ತರಿಸುತ್ತಿದ್ದೆ ಎಂದರು ಗುತ್ತಿಗೆದಾರರು. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂಬ ಗಾದೆ ನಮ್ಮ ದೇವಾಲಯದ ಅಂಗಳದಲ್ಲೇ ನಿಜವಾಯಿತು.

ಇಂಥದೇ ಅಲಕ್ಷ್ಯ ದೊಡ್ಡ ಕಾರ್ಖಾನೆಯಲ್ಲಿ ನಡೆದರೆ ಏನಾಗುತ್ತದೆಂದು ಭೋಪಾಲ ತೋರಿಸಿತು. 1984ರ ಡಿಸೆಂಬರ್ 2ರ ರಾತ್ರಿ ಹೊರಬಿದ್ದ ವಿಷಾನಿಲವು ಸಾವಿರಾರು ಜನರನ್ನು ಕೊಂದಿತು. ಅನಾಹುತ ತಡೆಯುವ ಸಾಧನಗಳು ಅಲ್ಲಿ ಇರಲಿಲ್ಲವೆಂದಲ್ಲ. ವಿಷದ್ರವದ ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಹೊರಬರುವ ಅನಿಲವನ್ನು ಸುಡಬೇಕಾದ ಗೋಪುರವು, ಕೊಳವೆಯ ದುರಸ್ತಿಯ ಕಾರಣ ಕೆಲಸ ಮಾಡುತ್ತಿರಲಿಲ್ಲ. ಸಾಧನವಿದ್ದರೆ ಸಾಲದು, ಅದನ್ನು ಸುಸ್ಥಿತಿಯಲ್ಲಿಡುವ ಮನಸ್ಸೂ ಬೇಕು.

ದುರಂತ ನಡೆದಾಗ ನಾವು ‘ಅವನ ಹಣೆಬರಹ’ ಎನ್ನುತ್ತೇವೆ. ಸಿಲೋವಾಮಿನ ಗೋಪುರ ಕುಸಿದು 18 ಮಂದಿ ಸತ್ತಾಗಲೂ ಜನ ಹಾಗೆಯೇ ಎಣಿಸಿರಬೇಕು. ಸತ್ತವರು ಇತರರಿಗಿಂತ ದೊಡ್ಡ ಪಾಪಿಗಳಲ್ಲವೆಂದು ಪ್ರಭು ಸ್ಪಷ್ಟಪಡಿಸಿ, ಕೇಳುತ್ತಿದ್ದವರನ್ನೇ ಪಶ್ಚಾತ್ತಾಪಕ್ಕೆ ಕರೆದರು (ಲೂಕ 13:4-5). ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಬಿದ್ದವನ ರಕ್ತದ ಹೊಣೆ ಆ ಮನೆಯ ಮೇಲೆ ಎಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿತ್ತು (ಧರ್ಮೋಪದೇಶಕಾಂಡ 22:8). ಆರೋಗ್ಯಕ್ಕೆ ಹಾನಿಯಾಗದಂಥ ಕೆಲಸದ ವಾತಾವರಣ ಕಾರ್ಮಿಕರ ಹಕ್ಕು ಎಂದು 1981ರ ತಮ್ಮ ವಿಶ್ವಪತ್ರದಲ್ಲಿ ಪೋಪ್ ಎರಡನೇ ಜಾನ್ ಪೌಲರು ಸಾರಿದರು.

ಹೊಣೆ ಹಂಚಿಕೊಳ್ಳುವುದೆಂದರೆ ರೊಟ್ಟಿಯಂತೆ ಅದನ್ನು ಮುರಿದು ಚೂರು ಮಾಡುವುದಲ್ಲ. ಹತ್ತು ಜನರಿಗೆ ಸೇರಿದ ಹೊಣೆಯು ಪ್ರತಿಯೊಬ್ಬರ ಮೇಲೂ ಇಡಿಯಾಗಿಯೇ ಇರುತ್ತದೆ. ಹಾಗೆಂದು ಎಲ್ಲರೂ ಸರಿಸಮಾನರೂ ಅಲ್ಲ. ಹಣದ ಚೀಲ ಯಾರ ಕೈಯಲ್ಲಿದೆಯೋ ಅವರ ಲೆಕ್ಕ ದೊಡ್ಡದು.

ಮುಂದೊಂದು ದಿನ ಆ ಯುವಕನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನು ತಲೆತಗ್ಗಿಸಿ, “ನಾನೂ ನೋಡಿದ್ದೆ ಸ್ವಾಮಿ. ಹೇಳಿದರೆ ನಾಳೆಯಿಂದ ಬರಬೇಡ ಅಂತಾರೆ ಅಂತ ಹೆದರಿದೆ” ಎಂದ.

ನನ್ನ ಮೌನ ಸೋಮಾರಿತನದ್ದು, ಅವನದು ಹಸಿವಿನದು. ಭೋಪಾಲದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯ ಕಂಡ ಕಾರ್ಮಿಕನಿಗೆ ಎಚ್ಚರಿಸುವ ಹಕ್ಕನ್ನು ಕೊಟ್ಟರು. ಕಾಗದದ ಮೇಲಿನ ಹಕ್ಕು ಬಾಯಿಗೆ ಬರಬೇಕಾದರೆ ಕೇಳುವ ಕಿವಿ ಬೇಕು. ಕೆಲಸ ಕೊಡುವವರೇ, ದೋಷ ತೋರಿಸಿದವನನ್ನು ಗದರಬೇಡಿ. ಅಂದಿನ ಕೆಲಸ ನಿಂತರೂ ಕೂಲಿ ಕೊಡಿ. ಮೇಸ್ತ್ರಿಗಳೇ, ಆಳುಗಳನ್ನು ಹತ್ತಿಸುವ ಮೊದಲು ದಿನವೂ ಕಟ್ಟುಗಳನ್ನು ಮುಟ್ಟಿ ನೋಡಿ. ಕಾರ್ಮಿಕ ಬಂಧುಗಳೇ, ಹಲ್ಲು ಮುರಿದ ಏಣಿಯನ್ನು ಸುಮ್ಮನೆ ಮೂಲೆಗಿಟ್ಟು ಹೋಗಬೇಡಿ. ಮುಂದೆ ಅದನ್ನು ಹತ್ತುವವನು ನಿಮ್ಮ ತಮ್ಮನೇ.

ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ ಪಾಪಗಳನ್ನಷ್ಟೇ ಅಲ್ಲ, ಮಾಡಬೇಕಾದುದನ್ನು ಮಾಡದೆ ಬಿಟ್ಟ ಪಾಪಗಳನ್ನೂ ಒಪ್ಪಿಕೊಳ್ಳುತ್ತೇವೆ. ಆ ಮಾತು ಬಂದಾಗ ಈಗಲೂ ನನ್ನ ಕಣ್ಣ ಮುಂದೆ ಆ ಹಗ್ಗ ಬರುತ್ತದೆ. ಮೇ 1ರಂದು, ಕಾರ್ಮಿಕರಾದ ಸಂತ ಜೋಸೆಫರ ಹಬ್ಬಕ್ಕೆ, ನಿಮ್ಮ ಸಲಕರಣೆಗಳನ್ನು ಆಶೀರ್ವಾದಕ್ಕೆ ತನ್ನಿ. ತರುವ ಮೊದಲು ಒಂದೊಂದನ್ನೂ ಪರೀಕ್ಷಿಸಿ, ಸರಿಪಡಿಸಿ ತನ್ನಿ. ನಿಮ್ಮ ಕೈಕೆಲಸವನ್ನು ದೇವರು ಹರಸಲಿ.