ನದಿಯ ಒಪ್ಪಂದಕ್ಕೆ ಯಾರ ಒಪ್ಪಿಗೆ ಬೇಕು?

ಎರಡು ದೇಶಗಳಲ್ಲಿ ಹರಿಯುವ ನದಿಯ ಬಗ್ಗೆ ಒಪ್ಪಂದವಾದಾಗ ಸಹಿ ಹಾಕುವವರು ಮಂತ್ರಿಗಳು, ರಾಯಭಾರಿಗಳು. ಅದರ ಫಲ ಉಣ್ಣುವವರು ದಡದ ರೈತರು, ಬೆಸ್ತರು, ಅಂಬಿಗರು, ಸಿಹಿನೀರಿಗಾಗಿ ಕೊಡ ಹೊತ್ತು ನಡೆಯುವ ಹೆಂಗಸರು. 2025ರ ಜೂನ್‌ನಲ್ಲಿ ಬಾಂಗ್ಲಾದೇಶ, ಹಂಚಿಕೆಯ ನದಿಗಳ ಕುರಿತಾದ ವಿಶ್ವಸಂಸ್ಥೆಯ ಜಲ ಒಡಂಬಡಿಕೆಗೆ ಸೇರಿತು. ದಕ್ಷಿಣ ಏಷ್ಯಾದಿಂದ ಸೇರಿದ ಮೊದಲ ದೇಶ ಅದು. 1992ರಲ್ಲಿ ಹೆಲ್ಸಿಂಕಿಯಲ್ಲಿ ರೂಪುಗೊಂಡ ಈ ಒಡಂಬಡಿಕೆಯ ಬಾಗಿಲು 2016ರಿಂದ ಎಲ್ಲ ದೇಶಗಳಿಗೂ ತೆರೆದಿದೆ. ಭಾರತದೊಂದಿಗೆ 54 ನದಿಗಳನ್ನು ಹಂಚಿಕೊಂಡಿರುವ ದೇಶಕ್ಕೆ ಇದು ಅಗತ್ಯದ ಹೆಜ್ಜೆಯೇ ಸರಿ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ದೇಶ ಸೇರಿತು ಎಂದಾಗ ನಿಜವಾಗಿ ಸೇರಿದವರು ಯಾರು? ದಡದ ಜನರನ್ನು ಕೇಳದೆ ಕೊಟ್ಟ ಮಾತು ಕಾನೂನಿನ ದೃಷ್ಟಿಯಲ್ಲಿ ದೇಶದ ಮಾತು. ನ್ಯಾಯದ ದೃಷ್ಟಿಯಲ್ಲಿ ಅದು ಅರ್ಧ ಮಾತು ಎಂಬುದು ನನ್ನ ವಾದ.

ಭಾರತ ಮತ್ತು ಬಾಂಗ್ಲಾದೇಶ 1996ರ ಡಿಸೆಂಬರ್ 12ರಂದು 30 ವರ್ಷಗಳ ಅವಧಿಗೆ ಮಾಡಿಕೊಂಡ ಗಂಗಾ ಒಪ್ಪಂದವನ್ನೇ ನೋಡಿ. ಪ್ರತಿವರ್ಷ ಜನವರಿ 1ರಿಂದ ಮೇ 31ರವರೆಗೆ ಭಾರತದ ಫರಕ್ಕಾ ಬ್ಯಾರೇಜ್‌ನಲ್ಲಿ ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ನೀರು ಹಂಚಿಕೆಯಾಗುತ್ತದೆ. ಹರಿವು 70,000 ಕ್ಯುಸೆಕ್‌ಗಿಂತ ಹೆಚ್ಚಿಲ್ಲದಿದ್ದರೆ ಸಮಪಾಲು. 75,000 ದಾಟಿದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ಇಲ್ಲಿ ಪಾಲಾಗುವುದು ನೀರು ಮಾತ್ರ. ಹೂಳು, ಮೀನು, ಉಪ್ಪು ಯಾವುದೂ ಈ ಕೋಷ್ಟಕದಲ್ಲಿಲ್ಲ. ಒಪ್ಪಂದ ಯಾವುದನ್ನು ಅಳೆಯುತ್ತದೋ ಅದಕ್ಕೆ ಸಂಬಂಧಪಟ್ಟವರು ಮಾತ್ರ ಅದರ ಕಣ್ಣಿಗೆ ಬೀಳುತ್ತಾರೆ. ಉಳಿದವರು ದಡದಲ್ಲಿದ್ದೂ ಇಲ್ಲದಂತಾಗುತ್ತಾರೆ.

ಅವರು ಗಡಿಯ ಎರಡೂ ಕಡೆ ಇದ್ದಾರೆ. ಬಾಂಗ್ಲಾದೇಶದ ಕುಷ್ಟಿಯಾ ಬಳಿ ಗಂಗೆಯಿಂದ ಕವಲೊಡೆಯುವ ಗೊರಾಯಿ ನದಿ ಬೇಸಿಗೆಯಲ್ಲಿ ಸೊರಗಿದರೆ ಖುಲ್ನಾ ಸೀಮೆಯ ಹೊಳೆಗಳಿಗೆ ಸಮುದ್ರದ ಉಪ್ಪು ಏರಿ ಬರುತ್ತದೆ. ಊರ ಸುತ್ತ ನೀರೇ ನೀರು, ಕುಡಿಯಲು ಮಾತ್ರ ಮಳೆನೀರು ತುಂಬಿದ ಕೆರೆಯನ್ನು ಹುಡುಕಿಕೊಂಡು ಹೋಗಬೇಕು. ಇತ್ತ ಭಾರತದಲ್ಲಿ, 1975ರಲ್ಲಿ ಫರಕ್ಕಾ ಬ್ಯಾರೇಜ್ ಕೆಲಸ ಆರಂಭಿಸುವ ಮುನ್ನ ಹಿಲ್ಸಾ ಮೀನು ಸಮುದ್ರದಿಂದ ಅಲಹಾಬಾದ್‌ವರೆಗೂ ಈಜಿಕೊಂಡು ಬರುತ್ತಿತ್ತು. ಬಿಹಾರದ ಬೆಸ್ತರಿಗೆ ಆ ಮೀನು ಈಗ ಅಪರೂಪ. ಪಶ್ಚಿಮ ಬಂಗಾಳದ ಮಾಲ್ಡಾ, ಮುರ್ಶಿದಾಬಾದ್‌ಗಳಲ್ಲಿ ದಡ ಕುಸಿದು ಹೊಲ, ಮನೆ, ಶಾಲೆಗಳು ನದಿಪಾಲಾಗಿವೆ. ಹೂಳು ತುಂಬಿ ಪ್ರವಾಹ ಹೆಚ್ಚುತ್ತಿದೆ ಎಂದು 2016ರಲ್ಲಿ ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರ್ ಫರಕ್ಕಾ ಬ್ಯಾರೇಜನ್ನೇ ತೆಗೆಯಬೇಕೆಂದು ಕೇಳಿದರು. ಅಂದರೆ ಬಿಹಾರದ ಬೆಸ್ತನ ಕಷ್ಟ ದಿಲ್ಲಿಯ ನಿಲುವಿಗಿಂತ ಖುಲ್ನಾದ ಹೆಂಗಸಿನ ಕಷ್ಟಕ್ಕೆ ಹತ್ತಿರವಾಗಿದೆ. ದೇಶಕ್ಕೆ ಒಂದೇ ಹಿತ, ಅದನ್ನು ರಾಜಧಾನಿ ಬಲ್ಲದು ಎಂಬ ನಂಬಿಕೆಯನ್ನು ನದಿ ಒಪ್ಪುವುದಿಲ್ಲ.

ಆಫ್ರಿಕಾದ ಸೆನೆಗಲ್ ನದಿ ಈ ಪಾಠವನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಮಾಲಿ, ಮಾರಿಟೇನಿಯಾ, ಸೆನೆಗಲ್ ದೇಶಗಳು 1972ರಲ್ಲಿ ಕಟ್ಟಿಕೊಂಡ ನದಿ ಸಂಸ್ಥೆಯನ್ನು ಜಗತ್ತು ಇಂದಿಗೂ ಮಾದರಿ ಎನ್ನುತ್ತದೆ. ಅಣೆಕಟ್ಟುಗಳ ಒಡೆತನವೂ ಅಲ್ಲಿ ಜಂಟಿ. ಆ ನದಿಯ ಬಯಲಿನಲ್ಲಿ ನೆರೆ ಇಳಿದಂತೆ ರೈತರು ಹಸಿ ಮಣ್ಣಿಗೆ ಜೋಳ ಬಿತ್ತುತ್ತಿದ್ದರು. ಕೊಯ್ಲಾದ ಮೇಲೆ ಕೂಳೆ ಮೇಯಲು ಫುಲಾನಿ ದನಗಾಹಿಗಳ ಹಿಂಡು ಬರುತ್ತಿತ್ತು. ನೆರೆ ನಿಂತಿದ್ದಾಗ ಅಲ್ಲೇ ಮೀನು ಮರಿ ಮಾಡುತ್ತಿದ್ದವು. ಒಂದು ನೆರೆ ಮೂರು ಕಸುಬುಗಳನ್ನು ಸಾಕುತ್ತಿತ್ತು. 1980ರ ದಶಕದಲ್ಲಿ ಡಿಯಾಮಾ, ಮನಂತಾಲಿ ಅಣೆಕಟ್ಟುಗಳು ಎದ್ದವು, ನೆರೆಯ ಲಯ ತಪ್ಪಿತು. ಡಿಯಾಮಾ ಉಪ್ಪುನೀರನ್ನು ತಡೆದದ್ದರಿಂದ ಬಸವನಹುಳುಗಳು ಹೆಚ್ಚಿ, ಅವು ಹರಡುವ ಬಿಲ್‌ಹಾರ್ಜಿಯಾ ರೋಗ ರಿಶಾರ್ ತೋಲ್ ಪಟ್ಟಣವನ್ನು ಮುತ್ತಿತು. ಮೂರು ಸರ್ಕಾರಗಳ ನಡುವೆ ಒಮ್ಮತವಿತ್ತು. ನೆರೆಯನ್ನೇ ನಂಬಿದವರ ಅರಿವು ಮಾತ್ರ ಆ ಒಮ್ಮತದ ಹೊರಗಿತ್ತು. ಅಣೆಕಟ್ಟಿನಿಂದ ವರ್ಷಕ್ಕೊಮ್ಮೆ ಕೃತಕ ನೆರೆ ಬಿಡುವ ಮಾತು 2002ರ ಜಲ ಸನ್ನದಿನಲ್ಲಿ ಸೇರಿತು. ಮೊದಲೇ ಕೇಳಿದ್ದರೆ ಮೊದಲೇ ತಿಳಿಯುತ್ತಿದ್ದ ಸಂಗತಿ ಅದು.

ಎಲ್ಲರನ್ನೂ ಕೇಳುತ್ತ ಕೂತರೆ ಒಪ್ಪಂದವೇ ಆಗುವುದಿಲ್ಲ ಎಂಬ ಆಕ್ಷೇಪವಿದೆ. 2011ರ ಸೆಪ್ಟೆಂಬರ್‌ನಲ್ಲಿ ಸಹಿಗೆ ಸಿದ್ಧವಾಗಿದ್ದ ಭಾರತ-ಬಾಂಗ್ಲಾದೇಶಗಳ ತೀಸ್ತಾ ನದಿ ಒಪ್ಪಂದ ಪಶ್ಚಿಮ ಬಂಗಾಳದ ವಿರೋಧದಿಂದ ನಿಂತುಹೋಯಿತಲ್ಲ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಅದು ಹೇಳುವುದು ಇಷ್ಟೇ: ಕೊನೆಗಳಿಗೆಯಲ್ಲಿ ಕೇಳಿದರೆ ಸಿಗುವ ಉತ್ತರ ‘ಆಗಲಿ’ ಅಥವಾ ‘ಬೇಡ’. ಆರಂಭದಲ್ಲೇ ಕೇಳಿದರೆ ‘ಹೇಗೆ’ ಎಂಬುದಕ್ಕೆ ಉತ್ತರ ಸಿಗುತ್ತದೆ. ಪ್ರತಿ ಊರಿಗೂ ಒಪ್ಪಂದವನ್ನು ತಡೆಯುವ ಅಧಿಕಾರ ಬೇಕು ಎಂದು ನಾನು ಹೇಳುತ್ತಿಲ್ಲ. ಪ್ರತಿ ಊರಿಗೂ ಕಾರಣ ಕೇಳುವ, ತನ್ನ ಮಾತಿಗೆ ಉತ್ತರ ಪಡೆಯುವ ಹಕ್ಕು ಬೇಕು. ಇನ್ನೊಂದು ಎಚ್ಚರವೂ ಅಗತ್ಯ. ಸ್ಥಳೀಯರು ಎಂದರೆ ಒಂದೇ ಗುಂಪಲ್ಲ. ಸಭೆ ಕರೆದರೆ ಮೊದಲು ಬಂದು ಕೂರುವವರು ಪಂಪ್‌ಸೆಟ್ ಇರುವ ಜಮೀನುದಾರರು. ಗೇಣಿದಾರರಿಗೆ, ಮರಳುದಿಬ್ಬದ ಮೇಲೆ ಗುಡಿಸಲು ಕಟ್ಟಿಕೊಂಡವರಿಗೆ, ಬಲೆ ಬಿಟ್ಟರೆ ಬೇರೆ ಆಸ್ತಿಯಿಲ್ಲದವರಿಗೆ ಸಭೆಯ ಸುದ್ದಿಯೇ ತಲುಪಿರುವುದಿಲ್ಲ. ಅವರಿಲ್ಲದ ಸಭೆ ಬರೀ ಶಾಸ್ತ್ರಕ್ಕೆ ನಡೆದ ಸಭೆ.

ಮೊದಲ ಹೆಜ್ಜೆ ಮಾಹಿತಿ. ಹಂಚಿಕೆಯ ನದಿಗಳ ಸ್ಥಿತಿಗತಿಯ ವಿವರ ಸಾರ್ವಜನಿಕರಿಗೆ ಸಿಗಬೇಕು, ನೋಡಲು ಹಣ ಕೇಳಬಾರದು ಎಂದು ಜಲ ಒಡಂಬಡಿಕೆಯ 16ನೇ ವಿಧಿ ಹೇಳುತ್ತದೆ. ಭಾರತ ಈ ಒಡಂಬಡಿಕೆಗೆ ಸೇರಿಲ್ಲ. ನೆರೆದೇಶಕ್ಕೆ ಹರಿಯುವ ಗಂಗೆ, ಬ್ರಹ್ಮಪುತ್ರದಂಥ ನದಿಗಳ ಹರಿವಿನ ಅಂಕಿಅಂಶ ನಮ್ಮಲ್ಲಿ ಗೋಪ್ಯ. ಲೆಕ್ಕವನ್ನೇ ಮುಚ್ಚಿಟ್ಟು ಜನರ ಅಭಿಪ್ರಾಯ ಕೇಳುವುದರಲ್ಲಿ ಅರ್ಥವಿಲ್ಲ.

ಕಾವೇರಿಯನ್ನು ಬಲ್ಲ ನಮಗೆ ಇದು ದೂರದ ಮಾತಲ್ಲ. 1924ರಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳು ಮಾಡಿಕೊಂಡ ಒಪ್ಪಂದಕ್ಕೆ ಐವತ್ತು ವರ್ಷ ತುಂಬುವ ಹೊತ್ತಿಗೆ ಒಮ್ಮತ ಉಳಿದಿರಲಿಲ್ಲ. ಜಗಳ ನ್ಯಾಯಮಂಡಳಿ ಮೆಟ್ಟಿಲೇರಿತು. 2003ರಲ್ಲಿ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ವಾಗಿ ಸೇರಿ ಮಾತಿಗೆ ಕೂತಾಗ, ಕೋರ್ಟಿನ ಕಡತದಲ್ಲಿ ಕಾಣದ ಪರಸ್ಪರರ ಗದ್ದೆಗಳು ಅವರಿಗೆ ಕಂಡವು. ಆ ಮಾತುಕತೆಯಿಂದ ವ್ಯಾಜ್ಯ ಬಗೆಹರಿಯಲಿಲ್ಲ, ನಿಜ. ಆದರೆ ಎದುರು ದಡದವರು ಶತ್ರುಗಳಲ್ಲ ಎಂಬುದನ್ನು ಯಾವ ತೀರ್ಪೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಗಂಗಾ ಒಪ್ಪಂದದ ಅವಧಿ 2026ರ ಡಿಸೆಂಬರ್‌ವರೆಗೆ. ಹೊಸ ಒಪ್ಪಂದದ ಕರಡು ದಿಲ್ಲಿ, ಢಾಕಾಗಳ ಕಚೇರಿಯಲ್ಲಷ್ಟೇ ಸಿದ್ಧವಾಗಬಾರದು. ಅದು ಮಾಲ್ಡಾ, ಭಾಗಲ್ಪುರ, ಕುಷ್ಟಿಯಾ, ಖುಲ್ನಾಗಳ ಜನರ ಮುಂದೆ, ಅವರ ಭಾಷೆಯಲ್ಲಿ, ಹರಿವಿನ ಪೂರ್ತಿ ಲೆಕ್ಕದ ಜೊತೆ ಬರಬೇಕು. ಸಹಿ ಹಾಕುವವರು ಅಧಿಕಾರ ಮುಗಿದ ಮೇಲೆ ಮನೆಗೆ ಹೋಗುತ್ತಾರೆ. ಒಪ್ಪಂದವನ್ನು ಉಳಿಸುವವರು ದಡದಲ್ಲೇ ಇರುತ್ತಾರೆ. ಅವರನ್ನು ಮೊದಲು ಕೇಳಿ.