ಮೇಜಿನ ಮೇಲಿನ ಸಮಿತಿ

ಕೆಲಸಕ್ಕೆ ಕುಳಿತವನ ಮೇಜು ಅಚ್ಚುಕಟ್ಟಾಗಿರಬೇಕೆಂಬುದು ಕೇವಲ ಅಂದದ ಮಾತೇ, ಇಲ್ಲವೆ ಅದರಲ್ಲಿ ಧರ್ಮದ ಅಂಶವೂ ಉಂಟೇ? ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ನಾಲ್ಕನೆಯದು ಆದಾನ-ನಿಕ್ಷೇಪಣ. ಕಮಂಡಲುವಾಗಲಿ ಶಾಸ್ತ್ರವಾಗಲಿ, ಚೆನ್ನಾಗಿ ನೋಡಿ, ನವಿಲುಗರಿಯ ಪಿಂಛಿಯಿಂದ ಮೃದುವಾಗಿ ಶೋಧಿಸಿ ಎತ್ತುವುದು, ಇಡುವುದು. ಇದರ ಗುರಿ ಜೀವರಕ್ಷೆ. ಹೀಗೆ ಎಚ್ಚರದಿಂದ ಇಡುವ ಕೈಯೊಡನೆ ಮನಸ್ಸೂ ಎಚ್ಚರಗೊಳ್ಳುತ್ತದೆ.

ಗೃಹಸ್ಥನ ಮೇಜಿಗೂ ಈ ನೀತಿ ಸಲ್ಲುತ್ತದೆ. ಲೆಕ್ಕ ಬರೆಯುವವನ ಮುಂದೆ ಮದುವೆಯ ಕರೆಯೋಲೆ, ವಿದ್ಯುತ್ ಬಿಲ್ಲು, ಅರ್ಧ ಓದಿದ ಪತ್ರಿಕೆ ಹರಡಿದ್ದರೆ ಒಂದೊಂದೂ ದೃಷ್ಟಿಯನ್ನು ಸೆಳೆಯುತ್ತದೆ. ಕಣ್ಣೆದುರಿನ ಹಲವು ವಸ್ತುಗಳು ಮಿದುಳಿನಲ್ಲಿ ಒಂದರೊಡನೊಂದು ಸ್ಪರ್ಧಿಸುತ್ತವೆಂಬುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ವಿವರಿಸಿದ್ದಾರೆ. ಮೇಲಾಗಿ, ತಿಂಗಳುಗಟ್ಟಲೆ ಕದಲದ ಕಾಗದದ ರಾಶಿಯಲ್ಲಿ ಹುಳುಗಳು ನೆಲೆಸುತ್ತವೆ. ಒಂದು ದಿನ ಅವಸರದಿಂದ ಝಾಡಿಸುವಾಗ ಸಾಯುತ್ತವೆ. ಆ ಹಿಂಸೆಯ ಬೀಜವನ್ನು ಬಿತ್ತಿದ್ದು ಅಷ್ಟು ದಿನಗಳ ಪ್ರಮಾದ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮೊಮ್ಮಗು ಲೇಖನಿಯನ್ನು ಸರಿಸಿತೆಂದು ಗದರುವವನ ಮೇಜು ಶುದ್ಧವಾಗಿದ್ದು ಫಲವೇನು? ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ಅಳೆಯದೆ ಮೂರ್ಛೆಯಿಂದ, ಎಂದರೆ ಮಮತ್ವದಿಂದ, ಗುರುತಿಸಿದರು. ಬರಿದಾದ ಮೇಜಿನ ಮೇಲೂ ಮಮತ್ವವು ಕುಳಿತಿರಬಲ್ಲದು. ಮಗುವಿನ ಮೇಲೆ ಕೋಪ ಬಂದ ಕ್ಷಣದಲ್ಲಿ ಮೊದಲು ಸ್ವಚ್ಛಗೊಳಿಸಬೇಕಾದುದು ಅದನ್ನೇ.

ಒಂದು ಕಾರ್ಯ, ಅದಕ್ಕೆ ಬೇಕಾದಷ್ಟೇ ಸಾಮಗ್ರಿ. ಮುಗಿದೊಡನೆ ನೋಡಿ, ಒರೆಸಿ, ಸ್ವಸ್ಥಾನದಲ್ಲಿಡುವುದು. ಉಪವಾಸಕ್ಕೆ ಶಕ್ತಿ ಸಾಲದ ಶ್ರಾವಕರೂ ಒಂದು ಚಾತುರ್ಮಾಸದ ಅವಧಿಗೆ ಈ ಕಿರುನಿಯಮವನ್ನು ಕೈಗೊಳ್ಳಬಹುದು.