ಕುಸುಬಿ ಹೂವಿನ ಪಟ

ನಮ್ಮ ಆಲಮೇಲದ ಸುತ್ತಿನ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳದ ಅಂಚಿಗೆ ಕುಸುಬಿ ಹಾಕುವುದುಂಟು. ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ. ಅರಳಿದಾಗ ಹಳದಿಯಾಗಿದ್ದು ಬಾಡುತ್ತ ಕೆಂಪಡರುವ ಈ ಹೂವನ್ನು ಈಗ ಯಾರು ಬೇಕಾದರೂ ಮೊಬೈಲಿನಲ್ಲಿ ಹಿಡಿಯಬಹುದು. ಹತ್ತಿರ ಹೋದಷ್ಟೂ ಹಿಂದಿನ ಹೊಲ ಮಸುಕಾಗಿ ಎಸಳಷ್ಟೇ ಎದ್ದು ಕಾಣುತ್ತದೆ. ಆಮೇಲೆ ಬೆರಳಿನಿಂದ ನಾಲ್ಕೂ ಬದಿ ಕತ್ತರಿಸಿದರೆ ಮುಳ್ಳೂ ಹೋಯಿತು. ಉಳಿಯುವುದು ರೇಷ್ಮೆ ಗೊಂಡೆಯಂಥ ಹೂವು. ಹೀಗೆ ಕತ್ತರಿಸಿದ ಪಟ ನಿಜವೋ ಸುಳ್ಳೋ?

ಛಾಯಾಗ್ರಾಹಕರಿಗೂ ಈ ಪ್ರಶ್ನೆ ಹೊಸದಲ್ಲ. ನಿಸರ್ಗ ಛಾಯಾಚಿತ್ರ ಸ್ಪರ್ಧೆಗಳಿಗಾಗಿ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಹಾಗೂ ಬ್ರಿಟನ್ನಿನ ದೊಡ್ಡ ಸಂಘಗಳು ಸೇರಿ 2015ರಿಂದ ಒಂದೇ ನಿಯಮ ಪಾಲಿಸುತ್ತಿವೆ. ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸಬಾರದು, ಇದ್ದುದನ್ನು ಅಳಿಸಬಾರದು. ಅಂಚು ಕತ್ತರಿಸುವುದಕ್ಕೆ ಮಾತ್ರ ಒಪ್ಪಿಗೆಯಿದೆ. ಬಿತ್ತಿ ಬೆಳೆದ ಕುಸುಬಿಗೆ ಆ ಸ್ಪರ್ಧೆಯಲ್ಲಿ ಜಾಗವಿಲ್ಲ, ಆದರೂ ನಿಯಮ ಯೋಚಿಸತಕ್ಕದ್ದು. ನಡುವಿನ ಮುಳ್ಳು ಅಳಿಸಿದವನು ‘ಇಲ್ಲಿ ಮುಳ್ಳೇ ಇಲ್ಲ’ ಎನ್ನುತ್ತಾನೆ. ಅಂಚು ಕತ್ತರಿಸಿದವನು ‘ಇಷ್ಟನ್ನು ನೋಡಿ’ ಎನ್ನುತ್ತಾನೆ. ಯಾವ ಚೌಕಟ್ಟಿಗೂ ಇಡೀ ಹೊಲ ಹಿಡಿಸುವುದಿಲ್ಲವಲ್ಲ!

ಬಿಟ್ಟಾಗ ಹೆಚ್ಚು ಕಾಣುವುದೂ ಉಂಟು. ಬರ್ಲಿನ್ನಿನ ಕಲಾಶಿಕ್ಷಕ ಕಾರ್ಲ್ ಬ್ಲಾಸ್‌ಫೆಲ್ಟ್ ಮೊಗ್ಗು, ಕುಡಿಗಳನ್ನು 30 ಪಟ್ಟಿನವರೆಗೂ ಹಿಗ್ಗಿಸಿ ತೋರಿಸಿದ. 1928ರಲ್ಲಿ ಬಂದ ಅವನ ಪುಸ್ತಕದಲ್ಲಿ ಅಂಥ 120 ಚಿತ್ರಗಳಿವೆ. ಅವನು ಗಿಡವನ್ನೇ ಸವರಿ ಅಣಿಗೊಳಿಸುತ್ತಿದ್ದ. ವಿದ್ಯಾರ್ಥಿಗಳಿಗೆ ಆಕಾರ ಕಲಿಸುವುದು ಉದ್ದೇಶವಾದ್ದರಿಂದ ಅದರಲ್ಲಿ ಮೋಸವಿರಲಿಲ್ಲ. ನಮ್ಮ ಸೂರ್ಯಪಾನವನ್ನೇ ಹತ್ತಿರದಿಂದ ನೋಡಿ, ಒಂದೇ ಹೂವೆಂದುಕೊಂಡದ್ದು ನೂರಾರು ಕಿರುಹೂಗಳ ಸಂತೆ.

ಹಾಗಾದರೆ ತಪ್ಪು ಬಿಡುವುದರಲ್ಲಿಲ್ಲ. ಬಿಟ್ಟ ಮೇಲೆ ಏನು ಹೇಳುತ್ತೇವೆ ಎಂಬುದರಲ್ಲಿದೆ. ‘ಕುಸುಬಿಯ ಬಣ್ಣ ನೋಡಿ’ ಎಂದರೆ ಆ ಪಟ ನಿಜ. ‘ಕುಸುಬಿ ಎಂದರೆ ಇಷ್ಟೇ, ಮೆತ್ತಗಿನ ಹೂವು’ ಎಂದರೆ ಸುಳ್ಳು. ಕುಸುಬಿ ಕೀಳುವ ಹೆಣ್ಣುಮಕ್ಕಳ ಅಂಗೈಯನ್ನು ಕೇಳಿದರೆ ತಿಳಿಯುತ್ತದೆ.

ಇದೇ ಅಳತೆಗೋಲನ್ನು ನಮ್ಮ ಮನೆಗಳ ಆಲ್ಬಮ್ಮಿಗೂ ಹಚ್ಚಿ ನೋಡೋಣ. ಕುಬಸದ ದಿನ ಬಸುರಿಗೆ ಹಸಿರು ಸೀರೆ ಉಡಿಸಿ, ದಂಡೆ ಮುಡಿಸಿ, ಉಡಿ ತುಂಬುತ್ತೇವೆ. ಫೋಟೋ ತೆಗೆಯುವ ಹೊತ್ತಿಗೆ ಗಂಡನನ್ನು ಕಳೆದುಕೊಂಡ ಅತ್ತೆಯೋ ಅಕ್ಕನೋ ತಾನೇ ಅಡುಗೆಮನೆಯ ಕಡೆ ಸರಿಯುತ್ತಾಳೆ. ಬೆಳಗಿನಿಂದ ಹೋಳಿಗೆ ಬೇಯಿಸಿದವಳು ಅವಳೇ. ‘ಅವರಾಗೇ ಬರೂದಿಲ್ಲ ಅಂತಾರ್ರೀ’ ಎನ್ನುತ್ತೇವೆ. ಬರಬಾರದೆಂದು ಅವಳಿಗೆ ಕಲಿಸಿದವರು ಯಾರು? ಅಪ್ಪಿತಪ್ಪಿ ಅಂಚಿನಲ್ಲಿ ನಿಂತಿದ್ದರೆ ಸ್ಟುಡಿಯೋದಲ್ಲಿ ಕತ್ತರಿಸುವುದೂ ಉಂಟು. ಆ ಪಟದ ಕೆಳಗೆ ‘ನಮ್ಮ ಮನೆಯವರೆಲ್ಲ’ ಎಂದು ಬರೆಯುತ್ತೇವೆ.

ಹೂವಿನ ಪಟದಿಂದ ಮುಳ್ಳು ಬಿಟ್ಟರೆ ಮುಳ್ಳಿಗೆ ನೋವಿಲ್ಲ. ಇಲ್ಲಿ ಬಿಟ್ಟುಹೋದವಳು ಆ ಆಲ್ಬಮ್ ಬಿಡಿಸಿ ನೋಡುತ್ತಾಳೆ. ಮುಂದೆ ಹುಟ್ಟುವ ಕೂಸೂ ನೋಡುತ್ತದೆ. ತನ್ನನ್ನು ಎತ್ತಿ ಆಡಿಸಿದವಳು ಆ ದಿನ ಮನೆಯಲ್ಲೇ ಇರಲಿಲ್ಲವೆಂದು ತಿಳಿಯುತ್ತದೆ.

ಅಕ್ಕತಂಗಿಯರೆ, ನಿಮ್ಮ ಮನೆಯ ಮುಂದಿನ ಕುಬಸದಲ್ಲಿ ಫೋಟೋದವನು ‘ರೆಡಿ’ ಎನ್ನುವ ಮೊದಲು ಅಡುಗೆಮನೆಗೆ ಹೋಗಿ, ‘ಅತ್ತೀ, ಕೈ ತೊಳಕೊಂಡು ಬರ್ರಿ, ನಿಮ್ಮನ್ನ ಬಿಟ್ಟು ನಾವ್ ನಿಂದ್ರೂದಿಲ್ಲ’ ಎನ್ನಿ. ಮೊದಲ ಸಲ ಅವರು ಒಲ್ಲೆ ಎಂದಾರು. ಎರಡನೆಯ ಸಲವೂ ಕರೆಯಿರಿ.